ಕಟ್ಟೆಯ ಪರದೆ, ಕೈಯೊಳಗಿನ ಪರದೆ

ಸಿರವಾರದ ಒಂದು ಚಹದ ಅಂಗಡಿ. ಸಂಜೆಯ ಹೊತ್ತು. ಒಂದೇ ಬೆಂಚಿನ ಮೇಲೆ ಕುಳಿತ ಹಿರಿಯರೊಬ್ಬರೂ ಹುಡುಗನೊಬ್ಬನೂ ತಮ್ಮ ತಮ್ಮ ಮೊಬೈಲಿನಲ್ಲಿ ಒಂದೇ ಕ್ರಿಕೆಟ್ ಪಂದ್ಯವನ್ನು ನೋಡುತ್ತಿದ್ದರು. ಓವರು ಮುಗಿಯಿತು, ಜಾಹೀರಾತು ಬಂದಿತು. ಹಿರಿಯರ ಪರದೆಯಲ್ಲಿ ಟ್ರ್ಯಾಕ್ಟರು. ಹುಡುಗನ ಪರದೆಯಲ್ಲಿ ಮೋಟಾರು ಬೈಕು. “ಆಟ ಒಂದೇ ಐತಲ್ಲೋ ತಮ್ಮಾ, ನಡುವಿಂದು ಯಾಕ ಬ್ಯಾರೆ?” ಎಂದು ಹಿರಿಯರು ಕೇಳಿದರು. “ನೀವು ಯಾರಂತ ಅದಕ್ಕ ಗೊತ್ತೈತಿ ಕಾಕಾ” ಎಂದು ಹುಡುಗ ನಕ್ಕ. ಕಾಕಾ ನಗಲಿಲ್ಲ. ಮೊಬೈಲನ್ನು ಒಮ್ಮೆ ತಿರುಗಿಸಿ ಅದರ ಬೆನ್ನನ್ನು ನೋಡಿದರು.

ಆ ಹಿರಿಯರ ಸಂದೇಹ ಕ್ಷುಲ್ಲಕವಾದುದಲ್ಲ. ಅದಕ್ಕೆ ಉತ್ತರ ಹುಡುಕಹೊರಟರೆ ಸುಮಾರು ಐವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಸ್ವಾರಸ್ಯವೆಂದರೆ, ಹಾಗೆ ಹೋದಾಗ ನಾವು ಬಂದು ನಿಲ್ಲುವುದು ಇದೇ ರಾಯಚೂರು ಜಿಲ್ಲೆಯಲ್ಲಿ.

ಬೆಂಗಳೂರಿಗೆ ತನ್ನದೇ ಆದ ದೂರದರ್ಶನ ಕೇಂದ್ರ ದೊರೆತುದು 1981ರ ನವೆಂಬರ್ 1ರಂದು. ಆದರೆ ಅದಕ್ಕಿಂತ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಂದು, ರಾಯಚೂರು, ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟೆಲಿವಿಷನ್ ಪೆಟ್ಟಿಗೆ ಬೆಳಗಿತು. ಪಟ್ಟಣದ ಸೌಕರ್ಯಗಳು ಹಳ್ಳಿಗೆ ಕಡೆಯಲ್ಲಿ ತಲಪುವ ನಮ್ಮ ನಾಡಿನಲ್ಲಿ ಇದೊಂದು ಅಪೂರ್ವ ಘಟನೆಯೇ ಸರಿ. ‘ಸೈಟ್’ ಎಂಬ ಚಿಕ್ಕ ಹೆಸರಿನಿಂದ ಪ್ರಸಿದ್ಧವಾದ ಆ ಉಪಗ್ರಹ ಶಿಕ್ಷಣ ಪ್ರಯೋಗಕ್ಕೆ ಅಮೆರಿಕದ ‘ನಾಸಾ’ ಸಂಸ್ಥೆ ‘ಎ.ಟಿ.ಎಸ್.-6’ ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿದ್ದಿತು. ವಿಕ್ರಮ್ ಸಾರಾಭಾಯಿಯವರ ಕಾಲದಲ್ಲಿ, 1969ರಲ್ಲಿ, ಅದಕ್ಕೆ ಒಪ್ಪಂದವಾಗಿದ್ದಿತು. ಅದು ನೆರವೇರುವುದನ್ನು ನೋಡಲು ಅವರು ಉಳಿಯಲಿಲ್ಲ. 1971ರ ಡಿಸೆಂಬರಿನಲ್ಲಿಯೇ ತೀರಿಕೊಂಡರು.

ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಈ ಪ್ರಯೋಗಕ್ಕೆ ಸೇರಿದ್ದವು. ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಊರಿಗೊಂದು ಪೆಟ್ಟಿಗೆ; ಹೊರಗೆ ಆಕಾಶಕ್ಕೆ ಮುಖವೊಡ್ಡಿದ, ತಂತಿಯ ಬಲೆಯಿಂದ ಮಾಡಿದ ಹತ್ತಡಿ ಅಗಲದ ದೊಡ್ಡ ತಟ್ಟೆ. ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುನಡುವೆ ಹಾಡು ನಾಟಕ. ಇವು ಅದರ ವಿಷಯಗಳು. ಮೊದಮೊದಲು ಊರೆಲ್ಲ ನೆರೆಯುತ್ತಿದ್ದಿತು. ಹೊಸತು ಹಳತಾದ ಮೇಲೆ ಜನ ಕಡಮೆಯಾದರೂ, ಒಂದು ಪೆಟ್ಟಿಗೆಯ ಮುಂದೆ ನೂರರ ಆಸುಪಾಸಿನಲ್ಲಿ ಜನ ಕೂಡುತ್ತಿದ್ದರು.

ಈ ಉಪಗ್ರಹದಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿಗಳನ್ನು ಜೊತೆಯಲ್ಲಿ ಕಳುಹಿಸುವ ಅನುಕೂಲವಿದ್ದಿತು. ಹೀಗಾಗಿ ಒಂದೇ ಚಿತ್ರಕ್ಕೆ ಒಂದು ಕಡೆ ತೆಲುಗನ್ನೂ ಇನ್ನೊಂದು ಕಡೆ ಕನ್ನಡವನ್ನೂ ಹೊಂದಿಸಬಹುದಾಗಿದ್ದಿತು. ನೋಡುಗನನ್ನು ಆರಿಸಿ ಅವನಿಗೆ ತಕ್ಕ ಮಾತಾಡುವುದು ಇಂದಿನ ಹೊಸ ವಿದ್ಯೆಯೆಂದು ನಾವು ತಿಳಿಯುತ್ತೇವೆ. ನಿಜವಾಗಿ, ಕರ್ನಾಟಕದಲ್ಲಿ ಟೆಲಿವಿಷನ್ನು ಹುಟ್ಟಿದುದೇ ಹಾಗೆ. ಆಗ ಆರಿಸಿದುದು ಸರಕಾರ. ಆರಿಸಿದುದು ಹಿಂದುಳಿದ ಜಿಲ್ಲೆಗಳನ್ನು. ಮಾರಲು ಅದರ ಬಳಿ ಸರಕಿರಲಿಲ್ಲ. ಉಪದೇಶ ಅತಿಯಾಯಿತೆಂದು ಗೊಣಗಿದವರು ಇದ್ದಿರಬೇಕು. ಆದರೆ ಉಪದೇಶ ಎಲ್ಲರೆದುರಿಗೆ ನಡೆಯುತ್ತಿದ್ದಿತು. ಪೆಟ್ಟಿಗೆ ಹೇಳಿದ ಗೊಬ್ಬರದ ಲೆಕ್ಕ ತಪ್ಪೆಂದು ಅನುಭವಸ್ಥ ರೈತ ಅಲ್ಲಿಯೇ ಎದ್ದು ಹೇಳಬಹುದಾಗಿದ್ದಿತು.

ಇನ್ನೊಂದು ಕಾಕತಾಳೀಯವನ್ನು ಇಲ್ಲಿ ನೆನೆಯಬೇಕು. ನಮ್ಮ ಹಳ್ಳಿಗಳಲ್ಲಿ ಈ ಪ್ರಯೋಗ ನಡೆಯುತ್ತಿದ್ದ ವರ್ಷದ ನಡುವೆಯೇ, 1976ರ ಜನವರಿ 1ರಂದು, ನಗರಗಳ ಟೆಲಿವಿಷನ್ನಿನಲ್ಲಿ ಜಾಹೀರಾತು ಪ್ರಾರಂಭವಾಯಿತು. ರೇಡಿಯೋದ ವಿವಿಧ ಭಾರತಿ 1967ರಲ್ಲಿಯೇ ಆ ದಾರಿ ಹಿಡಿದಿದ್ದಿತು. 1976ರ ಜುಲೈ 31ಕ್ಕೆ ಒಪ್ಪಂದದ ಅವಧಿ ಮುಗಿದು ಉಪಗ್ರಹ ಹಿಂತಿರುಗಿತು. 1977ರಲ್ಲಿ ಗುಲ್ಬರ್ಗದಲ್ಲಿ ಕೇಂದ್ರ ತೆರೆದರೂ, ಅದರ ಅಲೆಗೆ ನಿಲುಕದ ಊರುಗಳಲ್ಲಿ ಪರದೆ ಕತ್ತಲಾಯಿತು. ಮುಂದೆ ಟೆಲಿವಿಷನ್ನು ಹಳ್ಳಿಗೆ ಮರಳಿ ಬಂದಾಗ ಅದರ ಹೆಗಲಮೇಲೆ ಸರಕಿನ ಚೀಲವಿದ್ದಿತು.

1984ರಲ್ಲಿ ಬಂದ ‘ಹಮ್ ಲೋಗ್’ ಧಾರಾವಾಹಿಯ ವೆಚ್ಚವನ್ನು ನೂಡಲ್ಸ್ ಮಾರುವ ಕಂಪನಿ ಹೊತ್ತುಕೊಂಡಿತು. 1987ರ ‘ರಾಮಾಯಣ’ದ ಕಾಲಕ್ಕೆ ಭಾನುವಾರ ಬೆಳಿಗ್ಗೆ ಬೀದಿಗಳು ಬರಿದಾಗುತ್ತಿದ್ದುದು ಅನೇಕ ವಾಚಕರಿಗೆ ನೆನಪಿರಬಹುದು. ಟಿ.ವಿ. ಇದ್ದ ಮನೆಯ ಪಡಸಾಲೆಯೇ ಓಣಿಯ ಕಟ್ಟೆಯಾಗಿದ್ದ ದಿನಗಳವು. ಸೋಪಿನ ಪುಡಿಯ ಜಾಹೀರಾತನ್ನು ಸೋಪಿನ ಪುಡಿ ಕೊಳ್ಳಲಾರದವನೂ ನೋಡುತ್ತಿದ್ದ. ಅದು ವ್ಯಾಪಾರಿಗೆ ನಷ್ಟ. ಊರಿಗೆ ಮಾತ್ರ ಅದು ಒಂದು ಸಮಾನ ಅನುಭವ. ಹುಡುಗರೆಲ್ಲ ಒಂದೇ ಜಾಹೀರಾತಿನ ಹಾಡನ್ನು ಹಾಡುತ್ತಿದ್ದರು, ಒಂದೇ ಜಾಹೀರಾತನ್ನು ಅಣಕಿಸುತ್ತಿದ್ದರು.

ಆ ನಷ್ಟವನ್ನು ತಪ್ಪಿಸಿಕೊಳ್ಳುವ ವ್ಯಾಪಾರಿಯ ಪ್ರಯತ್ನವೇ ಮುಂದಿನ ಇತಿಹಾಸವೆನ್ನಬಹುದು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ ವಾಹಿನಿಗಳು ಬಂದ ಮೇಲೆ ಕನ್ನಡದ ನೋಡುಗನೇ ಒಂದು ಪ್ರತ್ಯೇಕ ಮಾರುಕಟ್ಟೆಯಾದ. ಯಾರು ಏನು ನೋಡುತ್ತಾರೆಂದು ಎಣಿಸಲು ಮನೆಗಳಲ್ಲಿ ಯಂತ್ರಗಳು ಬಂದವು. ‘ಬಾರ್ಕ್’ ಸಂಸ್ಥೆ 2015ರಲ್ಲಿ ಎಣಿಕೆಗೆ ತೊಡಗಿ, ಆ ವರ್ಷವೇ ಹಳ್ಳಿಯ ನೋಡುಗರನ್ನೂ ಲೆಕ್ಕಕ್ಕೆ ಸೇರಿಸಿತು. ಅದರ ಕ್ರಮ ವಿಚಿತ್ರವಾದುದು: ಕಾರ್ಯಕ್ರಮದ ಧ್ವನಿಯೊಳಗೆ ಮನುಷ್ಯನ ಕಿವಿಗೆ ಕೇಳಿಸದ ಗುರುತೊಂದನ್ನು ಸೇರಿಸಿರುತ್ತಾರೆ, ಎಣಿಕೆಗೆ ಆರಿಸಿದ ಮನೆಯಲ್ಲಿಟ್ಟ ಯಂತ್ರ ಅದನ್ನು ಕೇಳಿಸಿಕೊಂಡು ಬರೆದಿಡುತ್ತದೆ. ನಲವತ್ತು ವರ್ಷಗಳ ಹಿಂದೆ ನಮ್ಮ ಹಳ್ಳಿಗೆ ಬಂದಿದ್ದ ಎರಡನೆಯ ಧ್ವನಿ ಜನರಿಗಾಗಿ ಇದ್ದಿತು. ಈ ಧ್ವನಿ ಯಂತ್ರಕ್ಕಾಗಿ.

ಇದೇ ಬಗೆಯ ಅಡಗುಗುರುತನ್ನು ಇನ್ನೊಂದು ಕೆಲಸಕ್ಕೂ ಬಳಸಬಹುದೆಂದು ತೋರಿಸಿದುದು 2008ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಅಮಾಗಿ’ ಕಂಪನಿ. ದೇಶಕ್ಕೆಲ್ಲ ಒಂದೇ ಆಗಿ ಹೋಗುವ ವಾಹಿನಿಯಲ್ಲಿ, ಒಂದು ಪ್ರದೇಶದಲ್ಲಿ ಮಾತ್ರ ಮೂಲ ಜಾಹೀರಾತನ್ನು ತೆಗೆದು ಆ ಸ್ಥಳಕ್ಕೆ ಬೇರೊಂದನ್ನು ಇಡುವ ವ್ಯವಸ್ಥೆ ಅದು. ಇದರಿಂದ ಉಪಕಾರವಾಗಲಿಲ್ಲವೆಂದು ಹೇಳಲಾಗದು. ತನ್ನ ಸುತ್ತಿನ ನಾಲ್ಕು ಜಿಲ್ಲೆಗಳಲ್ಲಿ ಮಾತ್ರ ವ್ಯಾಪಾರವಿರುವವನು ದೇಶಕ್ಕೆಲ್ಲ ಹಣ ತೆರಬೇಕಾಗಿಲ್ಲ. ದೊಡ್ಡವರು ಮಾತ್ರ ಏರಬಹುದಾಗಿದ್ದ ಜಗುಲಿಯನ್ನು ಚಿಕ್ಕವನೂ ಏರಬಹುದಾಯಿತು.

2016ರ ಅನಂತರ ಮೊಬೈಲಿನ ಡೇಟಾ ಅಗ್ಗವಾಯಿತು. 2023ರಲ್ಲಿ ಐ.ಪಿ.ಎಲ್. ಪಂದ್ಯಗಳು ಜಿಯೋಸಿನಿಮಾದಲ್ಲಿ ಕನ್ನಡ ವೀಕ್ಷಕ ವಿವರಣೆಯೂ ಸೇರಿದಂತೆ ಪುಕ್ಕಟೆಯಾಗಿ ಬಂದವು. ಪುಕ್ಕಟೆ ಎಂಬ ಮಾತಿಗೆ ಇಲ್ಲಿ ಅರ್ಥ ಬೇರೆ. ಕೇಬಲ್ಲಿನಲ್ಲಿ ಒಂದು ಪ್ರದೇಶವನ್ನು ಮಾತ್ರ ಆರಿಸಬಹುದಾಗಿದ್ದಿತು. ಮೊಬೈಲಿನಲ್ಲಿ ಒಬ್ಬ ಮನುಷ್ಯನನ್ನೇ ಆರಿಸಬಹುದು. ನೋಡುಗನ ಊರು, ಭಾಷೆ, ವಯಸ್ಸು, ಅವನು ಹಿಂದೆ ಹುಡುಕಿದ ಸರಕು, ಇವನ್ನೆಲ್ಲ ಊಹಿಸಿ ಅವನಿಗೆಂದೇ ಜಾಹೀರಾತನ್ನು ಜೋಡಿಸಲಾಗುತ್ತದೆ. ಚಹದ ಅಂಗಡಿಯ ಬೆಂಚಿನ ಮೇಲೆ ಟ್ರ್ಯಾಕ್ಟರು, ಮೋಟಾರು ಬೈಕು ಬೇರೆಯಾದುದು ಹೀಗೆ.

ಇದರಿಂದ ಕೆಟ್ಟುದೇನು ಎಂದು ವಾಚಕರು ಕೇಳಬಹುದು. ಟ್ರ್ಯಾಕ್ಟರು ಬೇಕಾದವನಿಗೆ ಟ್ರ್ಯಾಕ್ಟರನ್ನು ತೋರಿಸಿದರೆ ಕೇಡಿಲ್ಲ. ಆದರೆ ಟ್ರ್ಯಾಕ್ಟರಿನ ಸ್ಥಳದಲ್ಲಿ ಸಾಲವನ್ನೋ ಹತ್ತಿಯ ಬೀಜವನ್ನೋ ಇಟ್ಟು ನೋಡೋಣ. ಹಿಂದೆ ಊರಿನಲ್ಲಿ ಡಂಗುರ ಸಾರಿದರೆ ಸುಳ್ಳೂ ಎಲ್ಲರ ಕಿವಿಗೆ ಬೀಳುತ್ತಿದ್ದಿತು. ಅದನ್ನು ಸುಳ್ಳೆನ್ನುವವನೊಬ್ಬ ಊರಿನಲ್ಲಿ ಇರುತ್ತಿದ್ದ. ಹಿಂದಿನ ವರ್ಷ ಆ ಬೀಜ ಬಿತ್ತಿ ಕೈ ಸುಟ್ಟುಕೊಂಡವನು ಪಕ್ಕದಲ್ಲಿ ಕುಳಿತಿದ್ದರೂ, ಅವನ ಪರದೆಯಲ್ಲಿ ಈಗ ಆ ಜಾಹೀರಾತು ಬರುವುದೇ ಇಲ್ಲ. ಒಬ್ಬನಿಗೆ ಮಾತ್ರ ಆಡಿದ ಮಾತಿಗೆ ಸಾಕ್ಷಿಯಿಲ್ಲ. ಕೇಬಲ್ ಟಿ.ವಿ.ಗೆ 1995ರ ಕಾಯಿದೆಯೂ ಅದರ ಜಾಹೀರಾತು ನಿಯಮಗಳೂ ಇವೆ. ಜಾಹೀರಾತುದಾರರೇ 1985ರಲ್ಲಿ ಕಟ್ಟಿಕೊಂಡ ಮಾನಕ ಮಂಡಲಿ ಸಾರ್ವಜನಿಕರ ದೂರನ್ನು ಸ್ವೀಕರಿಸುತ್ತದೆ. ಆದರೆ ದೂರು ಕೊಡಬೇಕಾದರೆ ಮೊದಲು ಯಾರಾದರೂ ನೋಡಿರಬೇಕು. ನೋಡಿದವನಿಗೆ ಅದು ತಪ್ಪೆಂದು ತಿಳಿದಿರಬೇಕು. ಮಕ್ಕಳನ್ನು ಗುರಿಮಾಡಿದ ಜಾಹೀರಾತನ್ನು 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ನಿಷೇಧಿಸಿದೆ. ಮಕ್ಕಳಿಗೆ ಕೇಡೆಂದು ಕಾಯಿದೆಯೇ ಒಪ್ಪಿದುದು, ಅಕ್ಷರ ಬಾರದ, ಸಾಲದಲ್ಲಿರುವ ದೊಡ್ಡವನಿಗೆ ಕೇಡಲ್ಲವೆಂದು ಹೇಗೆ ಹೇಳುವುದು?

ಊರಿಗೊಂದೇ ಪೆಟ್ಟಿಗೆಯಿದ್ದ ಕಾಲ ಮರಳಿ ಬರಬೇಕೆಂದು ಯಾರೂ ಬಯಸಲಾರರು, ಬಯಸಿದರೂ ಬಾರದು. ಬೇಕಾದುದು ಇಷ್ಟೆ: ಯಾವ ಜಿಲ್ಲೆಯಲ್ಲಿ ಯಾರಿಗೆ ಯಾವ ಜಾಹೀರಾತನ್ನು ತೋರಿಸಲಾಯಿತೆಂಬ ಲೆಕ್ಕ, ಯಾರು ಬೇಕಾದರೂ ತೆಗೆದು ನೋಡುವ ಹಾಗೆ, ಒಂದು ಕಡೆ ಇರಬೇಕು. ಪಹಣಿ ಪತ್ರಿಕೆಯನ್ನು ಕೇಳಿ ನೋಡುವ ಹಕ್ಕಿರುವ ರೈತನಿಗೆ ಇದು ಹೊಸ ಕಲ್ಪನೆಯೇನಲ್ಲ.

ಅಂದು ಸಿರವಾರದಲ್ಲಿ ಪಂದ್ಯ ಮುಗಿಯುವ ಮುನ್ನ ಇನ್ನೊಮ್ಮೆ ಜಾಹೀರಾತು ಬಂದಿತು. ಕಾಕಾ ತಮ್ಮ ಮೊಬೈಲನ್ನು ಬೆಂಚಿನ ಮೇಲಿಟ್ಟು, “ನಿಂದ್ರಾಗ ಏನ್ ಬಂದೈತಿ, ತೋರ್ಸು” ಎಂದು ಹುಡುಗನ ಕಡೆಗೆ ಬಾಗಿದರು. ಹುಡುಗ ತೋರಿಸಿದ.