ಹಳೆಯ ಜೀಪಿಗೆ ಮರುಜೀವ: ಓಟಕ್ಕಿಂತ ಮೊದಲು ನಿಲುಗಡೆ

ಬೆಂಗಳೂರು: ಮಲೆನಾಡು ಹಾಗೂ ಕೊಡಗಿನ ತೋಟದ ಮನೆಗಳ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ನಿಂತ ಹಳೆಯ ಜೀಪು ಅಪರೂಪದ ನೋಟವೇನಲ್ಲ. ಒಂದು ಕಾಲಕ್ಕೆ ಕಾಫಿ, ಅಡಿಕೆ, ಏಲಕ್ಕಿ ಮೂಟೆಗಳನ್ನು ಹೊತ್ತು, ಮಳೆಗಾಲದ ಕೆಸರಿನಲ್ಲಿ ರೋಗಿಗಳನ್ನೂ ತುಂಬು ಗರ್ಭಿಣಿಯರನ್ನೂ ಪಟ್ಟಣದ ಆಸ್ಪತ್ರೆಗೆ ತಲುಪಿಸಿದ ವಾಹನವದು. ಕೊಡಚಾದ್ರಿಯ ಅಥವಾ ಮಾಂದಲಪಟ್ಟಿಯ ಏರುದಾರಿಯಲ್ಲಿ ಪ್ರವಾಸಿಗರನ್ನು ಹೊತ್ತು ಹತ್ತುವ ಜೀಪುಗಳನ್ನು ಕಂಡವರಿಗೆ, ಮನೆಯಲ್ಲೇ ತುಕ್ಕು ಹಿಡಿಯುತ್ತಿರುವ ಹಿರಿಯರ ಜೀಪನ್ನು ಮತ್ತೆ ರಸ್ತೆಗಿಳಿಸಬೇಕೆಂಬ ಆಸೆ ಮೂಡುವುದು ಸಹಜ.

ಆಸೆ ಸಾಧುವಾದದ್ದೇ. ಆದರೆ ಹೀಗೆ ಹೊರಡುವ ಬಹುತೇಕರ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ, ಅಗಲವಾದ ಟೈರಿನ ಮೇಲೆ ಮತ್ತು ಹೆಚ್ಚು ಶಕ್ತಿಯ ಎಂಜಿನ್ನಿನ ಮೇಲೆ. ಕೆಲಸದ ಸರಿಯಾದ ಕ್ರಮ ಇದಕ್ಕೆ ತದ್ವಿರುದ್ಧ. ಕಾಗದಪತ್ರ, ಚಾಸಿ, ಬ್ರೇಕು, ಸ್ಟಿಯರಿಂಗ್, ಆನಂತರ ಎಂಜಿನ್, ಕಟ್ಟಕಡೆಗೆ ಬಣ್ಣ. ಈ ಕ್ರಮ ತಪ್ಪಿದರೆ ಹಣ ಪೋಲಾಗುವುದಷ್ಟೇ ಅಲ್ಲ, ಜೀವಕ್ಕೇ ಸಂಚಕಾರ ಬರಬಹುದು.

ಜೀಪಿನ ವಂಶಾವಳಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗಾಗಿ ಸಿದ್ಧವಾದ ವಿಲ್ಲಿಸ್ ಎಂಬಿ ಈ ವಂಶದ ಮೂಲಪುರುಷ. 1945ರಲ್ಲಿ ಸ್ಥಾಪನೆಯಾದ, ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಾದ ಸಂಸ್ಥೆಯು ಸ್ವಾತಂತ್ರ್ಯದ ಹೊಸತರಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ನಮ್ಮಲ್ಲಿ ಹೆಚ್ಚು ಪರಿಚಿತವಾದ, ಬಾನೆಟ್ಟು ಎತ್ತರವಾಗಿರುವ ಮಾದರಿಯೇ ಸಿಜೆ-3ಬಿ. ಅಮೆರಿಕದಲ್ಲಿ 1953ರಲ್ಲಿ ಬಂದ ಈ ಮಾದರಿಯ ತಯಾರಿಕೆ ಅಲ್ಲಿ 1968ರಲ್ಲಿ ನಿಂತರೂ ಭಾರತದಲ್ಲಿ ಅದರ ಸಂತತಿ ದಶಕಗಳ ಕಾಲ ಮುಂದುವರಿಯಿತು. ಇದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 80 ಇಂಚು. ನಂತರ ಬಂದ ಎಂಎಂ 540 ಮಾದರಿಯಲ್ಲಿ ಅದು 91 ಇಂಚು. ಇದಕ್ಕೆ ಪ್ಯೂಜೊ ಮೂಲದ 2112 ಸಿಸಿ ಡೀಸೆಲ್ ಎಂಜಿನ್ ಅಳವಡಿಸಲಾಗಿತ್ತು.

ಮಾದರಿ ಯಾವುದೇ ಇರಲಿ, ರಚನೆಯ ತತ್ತ್ವ ಒಂದೇ. ಏಣಿಯಾಕಾರದ ಉಕ್ಕಿನ ಚಾಸಿ, ಅದರ ಮೇಲೆ ಬೋಲ್ಟುಗಳಿಂದ ಕೂರಿಸಿದ ಬಾಡಿ, ಮುಂದೆಯೂ ಹಿಂದೆಯೂ ಅಖಂಡ ಆಕ್ಸೆಲ್, ಲೀಫ್ ಸ್ಪ್ರಿಂಗ್. ಬಾಡಿಯನ್ನು ಚಾಸಿಯಿಂದ ಇಡಿಯಾಗಿ ಎತ್ತಿಡಬಹುದಾದ್ದರಿಂದಲೇ ಮನೆಯಂಗಳದಲ್ಲಿ ಈ ಕೆಲಸ ಸಾಧ್ಯವಾಗುತ್ತದೆ.

ಮೊದಲ ಕೆಲಸ ಕಾಗದಪತ್ರದ್ದು

ಸ್ಪ್ಯಾನರ್ ಹಿಡಿಯುವ ಮುನ್ನ ಆರ್‌ಸಿ ಪುಸ್ತಕವನ್ನು ಬಿಡಿಸಿ ಓದಬೇಕು. ಅದರಲ್ಲಿರುವ ಚಾಸಿ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆ ಲೋಹದ ಮೇಲೆ ಕೊರೆದ ಸಂಖ್ಯೆಗಳಿಗೆ ತಾಳೆಯಾಗುತ್ತವೆಯೇ ಎಂದು ನೋಡಬೇಕು. ಪೆಟ್ರೋಲ್ ದುಬಾರಿಯಾದಂತೆ ಹಲವು ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಲಾಯಿತು. ಆದರೆ ಆ ಬದಲಾವಣೆ ಎಲ್ಲ ಪುಸ್ತಕಗಳಲ್ಲೂ ದಾಖಲಾಗಿಲ್ಲ. ಪುಸ್ತಕದಲ್ಲಿ ಪೆಟ್ರೋಲ್, ಬಾನೆಟ್ಟಿನಡಿ ಡೀಸೆಲ್ ಎಂಬ ಸ್ಥಿತಿಯಿದ್ದರೆ ಮುಂದೆ ಎಫ್‌ಸಿಗೆ ಹೋದಾಗ ತೊಡಕು ಖಚಿತ.

ಖಾಸಗಿ ವಾಹನದ ನೋಂದಣಿಯ ಅವಧಿ 15 ವರ್ಷ. ಆನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣದ ಶುಲ್ಕವೂ ಈಗ ಹಗುರವಾಗಿಲ್ಲ. 20 ವರ್ಷ ದಾಟಿದ ಲಘು ಮೋಟಾರು ವಾಹನಗಳಿಗೆ ಕೇಂದ್ರ ಸರ್ಕಾರವು 2025ರ ಆಗಸ್ಟ್‌ನಲ್ಲಿ ಇದನ್ನು 10,000 ರೂಪಾಯಿಗೆ ಏರಿಸಿತು. ವರ್ಷಗಟ್ಟಲೆ ನವೀಕರಣವಾಗದೆ ನಿಂತ ಜೀಪಾದರೆ ಬಾಕಿ ಎಷ್ಟೆಂಬುದನ್ನು ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು.

ಮಾರ್ಪಾಡಿನ ವಿಷಯದಲ್ಲಿ ಕಾನೂನು ಇನ್ನೂ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದಕಾರಣ ಮಾರ್ಪಾಡಿನ ಪಟ್ಟಿಯನ್ನು ಮೊದಲು ಆರ್‌ಟಿಒ ಕಚೇರಿಗೆ ಒಯ್ದು, ಬಳಿಕ ಗ್ಯಾರೇಜಿಗೆ ಒಯ್ಯಬೇಕು.

ಜೀಪಿಗೆ 50 ವರ್ಷ ತುಂಬಿದ್ದರೆ ಇನ್ನೊಂದು ದಾರಿಯಿದೆ. 2021ರಲ್ಲಿ ಜಾರಿಗೆ ಬಂದ ನಿಯಮದಂತೆ ಅದನ್ನು ‘ವಿಂಟೇಜ್’ ವಾಹನವೆಂದು 20,000 ರೂಪಾಯಿ ಶುಲ್ಕ ತೆತ್ತು ನೋಂದಾಯಿಸಬಹುದು. ಅಂಥ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಚಾಸಿ, ಬಾಡಿ ಅಥವಾ ಎಂಜಿನ್ನನ್ನು ಮಾರ್ಪಡಿಸಿದ್ದರೆ ಈ ಮಾನ್ಯತೆಯೂ ದೊರೆಯದು. ಇಂದು ಉತ್ಸಾಹದಿಂದ ಬದಲಿಸಿದ ಎಂಜಿನ್ ನಾಳೆ ಈ ಬಾಗಿಲನ್ನು ಮುಚ್ಚಿಬಿಡಬಹುದು.

ಬಿಚ್ಚುವ ಕ್ರಮ

ಪ್ರತಿಯೊಂದು ಭಾಗವನ್ನು ಕಳಚುವ ಮೊದಲು ಛಾಯಾಚಿತ್ರ ತೆಗೆದು, ನಟ್ಟು-ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹೆಸರು ಬರೆದು ಇಡಬೇಕು. ಆರು ತಿಂಗಳ ನಂತರ ಯಾವ ಬೋಲ್ಟು ಎಲ್ಲಿಯದೆಂದು ನೆನಪಿಟ್ಟುಕೊಳ್ಳಬಲ್ಲವರು ವಿರಳ. ಬಾಗಿದ, ಒಡೆದ ಭಾಗಗಳನ್ನೂ ಎಸೆಯಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಹಳೆಯದನ್ನು ಮೇಜಿನ ಮೇಲಿಟ್ಟು ‘ಇಂಥದ್ದೇ ಬೇಕು’ ಎನ್ನುವುದೇ ಸರಿಯಾದದ್ದನ್ನು ಪಡೆಯುವ ಖಚಿತ ಮಾರ್ಗ.

ಮೂರು ಅಪಾಯಗಳನ್ನು ಇಲ್ಲಿ ಹೇಳಲೇಬೇಕು. ಜಾಕಿನ ಮೇಲೆ ಮಾತ್ರ ನಿಂತ ಜೀಪಿನಡಿ ಎಂದಿಗೂ ನುಸುಳಬಾರದು. ಗಟ್ಟಿಯಾದ ಸ್ಟ್ಯಾಂಡುಗಳು ಕಡ್ಡಾಯ. ಬರಿದಾದ ಪೆಟ್ರೋಲ್ ಟ್ಯಾಂಕಿನಲ್ಲಿ ಆವಿ ಉಳಿದಿರುತ್ತದೆ. ವೆಲ್ಡಿಂಗಿನ ಒಂದು ಕಿಡಿ ಸಾಕು, ಸ್ಫೋಟಕ್ಕೆ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದ್ದು, ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಬಾಡಿ ಎತ್ತಿದ ಬಳಿಕ ಚಾಸಿಯ ನಿಜಸ್ಥಿತಿ ಕಾಣುತ್ತದೆ. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಬೇಕು. ಅಳತೆ ಸಮನಾಗಿಲ್ಲದಿದ್ದರೆ ಚಾಸಿ ತಿರುಚಿದೆ ಎಂದರ್ಥ. ಲೀಫ್ ಸ್ಪ್ರಿಂಗ್ ಜೋತುಬಿದ್ದ ಕೊಂಡಿಗಳ ಬುಡದಲ್ಲಿ, ಹಿಂದಿನ ಅಡ್ಡಪಟ್ಟಿಯಲ್ಲಿ ಕೆಸರು ಕುಳಿತು ತುಕ್ಕು ತಿಂದಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಗಟ್ಟಿ ಉಕ್ಕು ಖಣಿಲೆನ್ನುತ್ತದೆ, ಟೊಳ್ಳಾದದ್ದು ಮಂಕಾದ ಸದ್ದು ಹೊರಡಿಸುತ್ತದೆ. ತುಕ್ಕು ಕೆರೆಯುವಾಗ ಚಾಸಿ ಸಂಖ್ಯೆಯ ಜಾಗಕ್ಕೆ ಗ್ರೈಂಡರ್ ತಾಗಿಸಕೂಡದು. ತಪಾಸಣೆಯಲ್ಲಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ಅಲ್ಲಿಂದಲೇ. ಆ ಅಕ್ಷರಗಳು ಮಾಸಿದರೆ ಜೀಪಿನ ಗುರುತೇ ಅಳಿದಂತೆ.

ಬ್ರೇಕು ಮತ್ತು ಸ್ಟಿಯರಿಂಗ್

ಮನೆಯಲ್ಲಿ ನಡೆಯುವ ಪುನರ್ನಿರ್ಮಾಣದಲ್ಲಿ ಅತಿ ಹೆಚ್ಚು ಸಮಯ, ಹಣ ಸಲ್ಲಬೇಕಾದ ವಿಭಾಗವಿದು. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಹಿಂದಿನ ಮಾದರಿಗಳಲ್ಲಿ ಡ್ರಮ್ಮಿನ ವ್ಯಾಸ ಕೇವಲ 9 ಇಂಚು. ನಾಲ್ಕಕ್ಕೂ ದ್ರವ ಹರಿಯುವುದು ಒಂದೇ ಮಾಸ್ಟರ್ ಸಿಲಿಂಡರಿನ ಒಂದೇ ಕೋಣೆಯಿಂದ. ಎಲ್ಲಾದರೂ ಒಂದೆಡೆ ಕೊಳವೆ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಮ್ಮೆಲೇ ಇಲ್ಲವಾಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಕೋಣೆಗಳಿರುವ ಜೋಡಿ ಮಾಸ್ಟರ್ ಸಿಲಿಂಡರ್ ಇದ್ದರೆ ಒಂದು ಸೋತಾಗ ಇನ್ನೊಂದು ಉಳಿಯುತ್ತದೆ. ಹಳೆಯ ಜೀಪಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಮೊದಲ ಸ್ಥಾನ ಇದಕ್ಕೇ ಸಲ್ಲಬೇಕು.

ವೀಲ್ ಸಿಲಿಂಡರಿನ ರಬ್ಬರುಗಳು, ಬಾಗುವ ಹೋಸ್‌ಗಳು, ಉಕ್ಕಿನ ಕೊಳವೆಗಳು ನೋಡಲು ಚೆನ್ನಾಗಿದ್ದರೂ ಹೊಸದಾಗಲೇಬೇಕು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಬೆರೆತ ದ್ರವ ಘಾಟಿಯಲ್ಲಿ ಕಾದು ಆವಿಯಾದಾಗ ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ. ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ನಿಂತು ಹಿಡಿತ ಕುಂದುವುದೂ ಉಂಟು. ಆಗ ಪೆಡಲನ್ನು ಮೆಲ್ಲಗೆ ಒತ್ತುತ್ತ ಒಂದಷ್ಟು ದೂರ ಸಾಗಿ ಲೈನಿಂಗ್ ಒಣಗಿಸಬೇಕು.

ಸ್ಟಿಯರಿಂಗಿನ ರೋಗ ಇನ್ನೊಂದು ಬಗೆಯದು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಮತ್ತು ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಕಿಂಗ್‌ಪಿನ್ ಬೇರಿಂಗ್ ಅಥವಾ ಚಕ್ರದ ಬೇರಿಂಗ್ ಸವೆದಿದೆ ಎಂದರ್ಥ. ಗ್ಯಾರೇಜಿನವರು ‘ಪ್ಲೇ’ ಎನ್ನುವ ಈ ಸಡಿಲ, ಟೈ ರಾಡ್ ತುದಿಗಳಲ್ಲಿಯೂ ಸ್ಪ್ರಿಂಗ್ ಬುಷ್‌ಗಳಲ್ಲಿಯೂ ಸೇರುತ್ತ ಹೋದಂತೆ, ಸಣ್ಣ ಗುಂಡಿಯೊಂದಕ್ಕೆ ಇಳಿದೆದ್ದ ಚಕ್ರಗಳು ಗಡಗಡ ನಡುಗಿ ಸ್ಟಿಯರಿಂಗ್ ಕೈಗೆ ನಿಲ್ಲದಂತಾಗುತ್ತದೆ. ಡ್ಯಾಂಪರ್ ಕೂರಿಸಿ ನಡುಕವನ್ನು ಮರೆಮಾಚುವುದು ಪರಿಹಾರವಲ್ಲ. ಸವೆದ ಭಾಗವನ್ನೇ ಬದಲಿಸಬೇಕು.

ಎಂಜಿನ್: ದುರಸ್ತಿಯೋ, ಬದಲಾವಣೆಯೋ?

ಸಿಜೆ-3ಬಿಯ ಮೂಲ ಎಂಜಿನ್ ಹರಿಕೇನ್ ಎಂಬ 2199 ಸಿಸಿಯ ಪೆಟ್ರೋಲ್ ಯಂತ್ರ. ಒಳಬರುವ ಮಿಶ್ರಣದ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿ, ಹೊಗೆ ಹೊರಹಾಕುವ ವಾಲ್ವುಗಳು ಕೆಳಗಿನ ಬ್ಲಾಕಿನಲ್ಲಿರುವುದು ಇದರ ವಿಶೇಷ. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆದು ನೋಡಿದರೆ ಲೇತ್‌ನಲ್ಲಿ ಬೋರ್ ಮಾಡಿಸಬೇಕೇ, ವಾಲ್ವು ಉಜ್ಜಿದರೆ ಸಾಕೇ ಎಂಬುದು ತಿಳಿಯುತ್ತದೆ. ಈ ಎಂಜಿನ್ನುಗಳು ಸೀಸಯುಕ್ತ ಪೆಟ್ರೋಲಿನ ಕಾಲದವು. 2000ದ ಫೆಬ್ರುವರಿಯಿಂದ ದೇಶದಲ್ಲಿ ಅದರ ಮಾರಾಟ ನಿಂತಿದೆ. ಹಾಗಾಗಿ ಹೆಡ್ಡು ಬಿಚ್ಚಿದಾಗ ಗಟ್ಟಿ ಲೋಹದ ವಾಲ್ವ್ ಸೀಟುಗಳನ್ನು ಕೂರಿಸುವುದು ಒಳಿತು. ಇಂದಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಹೋಸ್, ಕಾರ್ಬುರೇಟರಿನ ವಾಷರುಗಳನ್ನೂ ಅದನ್ನು ತಾಳಬಲ್ಲ ಹೊಸ ಸಾಮಗ್ರಿಗೆ ಬದಲಿಸಬೇಕು. ಡೀಸೆಲ್ ಎಂಜಿನ್ನಾದರೆ ಇಂಜೆಕ್ಷನ್ ಪಂಪು ಮತ್ತು ನಾಝಲ್‌ಗಳನ್ನು ಮನೆಯಲ್ಲಿ ಬಿಚ್ಚದೆ ಪಂಪ್ ದುರಸ್ತಿಯ ಅಂಗಡಿಗೇ ಒಪ್ಪಿಸಬೇಕು.

ಹೆಚ್ಚು ಶಕ್ತಿಯ ಬೇರೆ ಎಂಜಿನ್ ಕೂರಿಸುವ ಮೋಹದ ಬಗ್ಗೆ ಒಂದು ಲೆಕ್ಕ. ಗಂಟೆಗೆ 60 ಕಿ.ಮೀ. ಓಡುತ್ತಿದ್ದ ಜೀಪು 90 ಕಿ.ಮೀ. ಓಡಿದರೆ ವೇಗ ಒಂದೂವರೆ ಪಟ್ಟಾಗುತ್ತದೆ, ಆದರೆ ಅದನ್ನು ನಿಲ್ಲಿಸಲು ಬ್ರೇಕುಗಳು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಆ 9 ಇಂಚಿನ ಡ್ರಮ್ಮು ಇದಕ್ಕಾಗಿ ಹುಟ್ಟಿದ್ದಲ್ಲ.

ಟೈರು, ಗೇರು, ವೈರಿಂಗ್

ಟೈರಿನ ವ್ಯಾಸ ಶೇ. 10ರಷ್ಟು ಹೆಚ್ಚಿದರೆ ಸ್ಪೀಡೋಮೀಟರ್ 50 ತೋರಿಸುವಾಗ ಜೀಪು ನಿಜವಾಗಿ 55ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಳೆತ ಕುಗ್ಗುತ್ತದೆ, ಬೇರಿಂಗು ಮತ್ತು ಬ್ರೇಕಿನ ಮೇಲೆ ಹೊರೆ ಏರುತ್ತದೆ. ಗೇರ್ ಬಾಕ್ಸಿನ ಹಿತ್ತಾಳೆಯ ಭಾಗಗಳಿಗೆ ಜಿಎಲ್-4 ದರ್ಜೆಯ ಎಣ್ಣೆಯೇ ಸುರಕ್ಷಿತ. ನಾಲ್ಕು ಚಕ್ರದ ಚಾಲನೆಯನ್ನು ಡಾಂಬರು ರಸ್ತೆಯಲ್ಲಿ ಬಳಸಬಾರದು. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸೆಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲದಿರುವುದರಿಂದ ತಿರುವಿನಲ್ಲಿ ಗೇರುಗಳು ಒಂದನ್ನೊಂದು ಹಿಂಡುತ್ತವೆ. ಇಲಿ ಕಡಿದ ವೈರುಗಳನ್ನು ತೇಪೆ ಹಾಕದೆ ಪೂರ್ತಿ ಹೊಸದಾಗಿ ಎಳೆದು, ಪ್ರತಿ ಸಾಲಿಗೂ ಫ್ಯೂಸ್ ಕೊಡಬೇಕು.

ರಸ್ತೆಗಿಳಿಯುವ ಮುನ್ನ

ಎಲ್ಲವೂ ಜೋಡಣೆಯಾದ ಮೇಲೆ ಮೊದಲ ಓಟ ಸಮತಟ್ಟಾದ ಖಾಲಿ ಬಯಲಿನಲ್ಲಿ, ನಡಿಗೆಯ ವೇಗದಲ್ಲಿ ನಡೆಯಲಿ. ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿದಾಗ ಅದು ಕುಸಿಯಬಾರದು. ಮೊದಲ ನೂರು ಕಿಲೋಮೀಟರ್ ಓಡಿಸಿದ ನಂತರ ಸ್ಪ್ರಿಂಗಿನ ಯು-ಬೋಲ್ಟು, ಚಕ್ರದ ನಟ್ಟು, ಸ್ಟಿಯರಿಂಗಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಬಣ್ಣ ಬದಲಿಸಿದ್ದರೆ ಆರ್‌ಸಿಯಲ್ಲಿ ದಾಖಲಿಸಬೇಕು.

ಆಗುಂಬೆ ಘಾಟಿಯಲ್ಲಿ ಹಿಮ್ಮುರಿ ತಿರುವುಗಳು 14. ಮಳೆ ಹಿಡಿದ ಸಂಜೆ, ಹಿಂದಿನ ಸೀಟಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಆ ದಾರಿಯಲ್ಲಿ ಇಳಿಯುವಾಗ ಎಂಜಿನ್ನಿನ ಶಕ್ತಿಯಾಗಲಿ ಹೊಸ ಬಣ್ಣದ ಹೊಳಪಾಗಲಿ ನೆರವಿಗೆ ಬಾರದು. ಅಲ್ಲಿ ಕಾಯುವುದು, ಕೊಟ್ಟಿಗೆಯಲ್ಲಿ ಕುಳಿತು ಸಹನೆಯಿಂದ ಬದಲಿಸಿದ ಬ್ರೇಕಿನ ಒಂದು ಸಣ್ಣ ರಬ್ಬರು.