ಪೈಠಣದಿಂದ ಬಂದವರು

ಸೊಲ್ಲಾಪುರ–ಧುಳೆ ಹೆದ್ದಾರಿಯಲ್ಲಿ ಛತ್ರಪತಿ ಸಂಭಾಜಿನಗರ ದಾಟಿ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ಹೋದರೆ ‘ಕನ್ನಡ’ ಎಂಬ ಊರು ಸಿಗುತ್ತದೆ. ತಾಲ್ಲೂಕು ಕೇಂದ್ರ. ಬಸ್ಸಿನ ಬೋರ್ಡಿನ ಮೇಲೆ, ಅಂಗಡಿಗಳ ಹಲಗೆಯ ಮೇಲೆ ದೇವನಾಗರಿಯಲ್ಲಿ ‘ಕನ್ನಡ’ ಎಂದೇ ಬರೆದಿರುತ್ತದೆ. ಅಜಂತಾ, ಎಲ್ಲೋರ ನೋಡಲು ಹೋದ ನಮ್ಮವರು ಅದರ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಕೆಳಗೆ ಅರ್ಧ ಗಂಟೆ ಚರ್ಚೆ ನಡೆಯುತ್ತದೆ: ನೋಡಿ, ನಮ್ಮ ನಾಡು ಎಲ್ಲಿಯವರೆಗೆ ಇತ್ತು!

ನಾನು ಕಲಬುರಗಿ ಕಡೆಯವನು, ಪುಣೆಗೆ ಬಂದು ಹದಿನೈದು ವರ್ಷವಾಯಿತು. ಇಂಥ ಚರ್ಚೆಗಳಲ್ಲಿ ನಾನೂ ಬೆರಳು ಸವೆಸಿದ್ದೇನೆ. ಕಳೆದ ಡಿಸೆಂಬರಿನಲ್ಲಿ ಮೂರು ದಿನ ರಜೆ ಸಿಕ್ಕಾಗ ಗೋದಾವರಿ ತೀರದ ಪೈಠಣದಿಂದ ಹೊರಟು ಈ ಕನ್ನಡ ತಾಲ್ಲೂಕಿನ ಗೌತಾಳಾ ಕಾಡಿನವರೆಗೆ ಹೋಗಿಬಂದೆ. ಊರಿನ ಹೆಸರಿಗಿಂತ ಆ ಕಾಡಿನೊಳಗಿನ ಕಲ್ಲುಗಳು ಹೇಳುವ ಮಾತು ನಮ್ಮಂಥ ವಲಸಿಗರಿಗೆ ಹೆಚ್ಚು ಹತ್ತಿರದ್ದು ಅನ್ನಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪೈಠಣ. ಇವತ್ತು ಈ ಊರು ಪೈಠಣಿ ಸೀರೆಗೆ, ಸಂತ ಏಕನಾಥರ ಸಮಾಧಿಗೆ, ಜಾಯಕವಾಡಿ ಅಣೆಕಟ್ಟಿಗೆ ಹೆಸರುವಾಸಿ. ಅಣೆಕಟ್ಟಿನ ಉದ್ದ ಸುಮಾರು 10 ಕಿಲೋಮೀಟರ್, ಗೇಟುಗಳು 27. 1976ರಲ್ಲಿ ಕೆಲಸ ಮುಗಿಯಿತು. ಹಿಂದೆ ನಿಂತ ನೀರಿಗೆ ನಾಥಸಾಗರ ಎಂದು ಹೆಸರು. 1986ರಲ್ಲಿ ಅದು ಪಕ್ಷಿಧಾಮವಾಯಿತು. ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ, ನೋಡಲು ಬೆಳಿಗ್ಗೆ ಬೇಗ ಹೋಗಬೇಕು.

ಎರಡು ಸಾವಿರ ವರ್ಷದ ಹಿಂದೆ ಇದು ಪ್ರತಿಷ್ಠಾನ, ಶಾತವಾಹನರ ರಾಜಧಾನಿ. ಪಾಲಿಯಲ್ಲಿ ಪತಿಟ್ಠಾನ. ಬೌದ್ಧರ ಸುತ್ತನಿಪಾತದಲ್ಲಿ ಗೋದಾವರಿ ತೀರದಿಂದ ಬುದ್ಧನನ್ನು ಕಾಣಲು ಹೊರಟ ಶಿಷ್ಯರ ದಾರಿಯ ವಿವರವಿದೆ. ಅವರ ಮೊದಲ ನಿಲ್ದಾಣ ಪತಿಟ್ಠಾನ, ಆಮೇಲೆ ಮಾಹಿಷ್ಮತಿ, ಉಜ್ಜಯಿನಿ, ಹೀಗೆ ಉತ್ತರಕ್ಕೆ ಹೋಗುತ್ತದೆ. ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬ ಬರೆದ ‘ಪೆರಿಪ್ಲಸ್’ ಕೈಪಿಡಿ ಇದನ್ನೇ ವ್ಯಾಪಾರಿಯ ಕಣ್ಣಿನಿಂದ ಹೇಳುತ್ತದೆ. ಬರುಗಜದಿಂದ, ಅಂದರೆ ಇಂದಿನ ಭರೂಚ್‌ನಿಂದ, ದಕ್ಷಿಣಕ್ಕೆ 20 ದಿನದ ದಾರಿಯಲ್ಲಿ ಪೈಠಣ. ಅಲ್ಲಿಂದ ಪೂರ್ವಕ್ಕೆ 10 ದಿನ ನಡೆದರೆ ತಗರ, ಅದು ಈಗಿನ ಧಾರಾಶಿವ ಜಿಲ್ಲೆಯ ತೇರ್. ಪೈಠಣದಿಂದ ಪಟ್ಟೆಪಟ್ಟೆಯ ಓನಿಕ್ಸ್ ಕಲ್ಲು, ತಗರದಿಂದ ಬಟ್ಟೆ, ಎಲ್ಲವೂ ಗಾಡಿಗಳ ಮೇಲೆ ಬಂದರಿಗೆ ಇಳಿಯುತ್ತಿದ್ದವು.

ಪೈಠಣಕ್ಕೂ ನಮಗೂ ಇರುವ ನಂಟಿಗೆ ಹೆಸರಿನ ಹೋಲಿಕೆ ಬೇಕಾಗಿಲ್ಲ, ಗಟ್ಟಿ ಸಾಕ್ಷಿಗಳೇ ಇವೆ. ನಮ್ಮ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಶಾತವಾಹನ ಅರಸರ ಹೆಸರು ಕೆತ್ತಿದ ಶಿಲ್ಪಗಳು ಸಿಕ್ಕಿವೆ. ರಾಷ್ಟ್ರಕೂಟ ಮೂರನೇ ಗೋವಿಂದ ಶಕ 716ರಲ್ಲಿ, ಅಂದರೆ ಕ್ರಿ.ಶ. 794ರಲ್ಲಿ, ಕೊಟ್ಟ ತಾಮ್ರಪಟ ಪೈಠಣದಲ್ಲೇ ದೊರೆತಿದೆ. ಅವನ ಮಗ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುವುದು ಶಾಲೆಯಲ್ಲೇ ಓದಿದ ಮಾತು. ಪೈಠಣ ಇರುವುದು ಆ ಗೋದಾವರಿಯ ಉತ್ತರ ದಂಡೆಯ ಮೇಲೆ. ಎಲ್ಲೆಯ ಗೆರೆಯ ಆಚೆ ಬದಿಯಲ್ಲಿ ಕಾಲಿಟ್ಟ ಹಾಗೆ. ‘ಕನ್ನಡ’ ಎಂಬ ಊರು ಇನ್ನೂ ನೂರು ಕಿಲೋಮೀಟರ್ ಆಚೆ.

ಪೈಠಣದಿಂದ ಭರೂಚ್‌ಗೋ ಉಜ್ಜಯಿನಿಗೋ ಹೋಗುವವನಿಗೆ ನಡುವೆ ಒಂದು ಗೋಡೆ ಅಡ್ಡ ಬರುತ್ತದೆ. ಅದು ಅಜಂತಾ–ಸಾತಮಾಳಾ ಬೆಟ್ಟಸಾಲು. ದಕ್ಷಿಣದಿಂದ ನೋಡಿದರೆ ಬೆಟ್ಟ ಅನ್ನಿಸುವುದೇ ಇಲ್ಲ, ಜೋಳ, ಹತ್ತಿ, ಕಬ್ಬಿನ ಹೊಲಗಳ ಬಯಲು ಮೆಲ್ಲಗೆ ಏರುತ್ತಾ ಹೋಗುತ್ತದೆ. ಆಮೇಲೆ ನೆಲ ಒಮ್ಮೆಲೇ ಕಡಿದುಬಿಟ್ಟು ಕೆಳಗೆ ಖಾನದೇಶ ಕಾಣಿಸುತ್ತದೆ. ಇಳಿಯಬೇಕಾದರೆ ಘಾಟಿಗಳೇ ಗತಿ. ಈ ಸಾಲಿನ ಗುಹೆಗಳು ಇಂಥ ಘಾಟಿದಾರಿಗಳ ಹತ್ತಿರವೇ ಇವೆ. ಕನ್ನಡದ ಹತ್ತಿರದ ಘಾಟಿಯನ್ನು ಬ್ರಿಟಿಷರ ಕಾಲದಿಂದ ಔಟ್ರಮ್ ಘಾಟ್ ಎನ್ನುತ್ತಾರೆ. 1825ರಲ್ಲಿ ಖಾನದೇಶದ ಭಿಲ್ಲರನ್ನೇ ಸೇರಿಸಿ ಭಿಲ್ ಪಡೆ ಕಟ್ಟಿದ ಜೇಮ್ಸ್ ಔಟ್ರಮ್‌ನ ಹೆಸರು ಅದು.

ಆ ಘಾಟಿಯ ಎರಡೂ ಬದಿಯ ಕಾಡು ಗೌತಾಳಾ ಔಟ್ರಮ್‌ಘಾಟ್ ಅಭಯಾರಣ್ಯ. ಸುಮಾರು 260 ಚದರ ಕಿಲೋಮೀಟರ್. ಇದನ್ನೂ 1986ರಲ್ಲೇ ಘೋಷಿಸಿದರು. ಪಶ್ಚಿಮ ಘಟ್ಟದ ಹಸಿರನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆಯಾಗುತ್ತದೆ. ಇದು ಎಲೆ ಉದುರುವ ಒಣ ಕಾಡು. ಮುತ್ತುಗ, ದಿಂಡಿಗ, ಕಗ್ಗಲಿ, ಕಾಲಡಿಯಲ್ಲಿ ಮೊಣಕಾಲೆತ್ತರದ ಹುಲ್ಲು. ಡಿಸೆಂಬರಿನಲ್ಲಿ ಹುಲ್ಲೆಲ್ಲ ಗೋಧಿ ಬಣ್ಣ. ಚಿರತೆ, ಕರಡಿ, ನೀಲಗಾಯಿ, ಕಾಡುಹಂದಿ ಇವೆ. ನಮಗೆ ಕಂಡದ್ದು ದಾರಿ ದಾಟಿದ ಎರಡು ನೀಲಗಾಯಿ ಮತ್ತು ಎಣಿಸಲಾಗದಷ್ಟು ಮಂಗಗಳು. ಜನ ಕಾಡು ನೋಡಲು ಇಲ್ಲಿಗೆ ಮಳೆಗಾಲದಲ್ಲಿ ಬರುತ್ತಾರೆ. ಕಲ್ಲು ನೋಡಬೇಕಾದವರಿಗೆ ಚಳಿಗಾಲವೇ ಸರಿ.

ಈ ಕಾಡಿನ ಕೊರಕಲಿನಲ್ಲಿ ಪಿತಳಖೋರಾ ಗುಹೆಗಳಿವೆ. ಎಲ್ಲೋರದಿಂದ 40 ಕಿಲೋಮೀಟರ್ ದೂರ. ಆದರೂ ಎಲ್ಲೋರಕ್ಕೆ ಬರುವ ನೂರು ಜನರಲ್ಲಿ ಒಬ್ಬರು ಇಲ್ಲಿಗೆ ಬಂದರೆ ಹೆಚ್ಚು. ಗುಡ್ಡದ ತಲೆಯಲ್ಲಿ ವಾಹನ ನಿಲ್ಲಿಸಿ ಮೆಟ್ಟಿಲು ಇಳಿಯಬೇಕು. ಕೆಳಗೆ ತೊರೆಯೊಂದಿದೆ, ಅದನ್ನು ದಾಟಿದರೆ ಬಂಡೆಯಲ್ಲಿ ಕೊರೆದ ಚೈತ್ಯ ಮತ್ತು ವಿಹಾರ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಶುರುವಾದ ಕೆಲಸ ಇದು. ಎಲ್ಲೋರದ ಕೈಲಾಸಕ್ಕಿಂತ ಒಂಬೈನೂರು ವರ್ಷ ಹಳೆಯದು. ಇಲ್ಲಿನ ಬಸಾಲ್ಟ್ ಬಂಡೆ ಗಟ್ಟಿಯಿಲ್ಲ, ನೀರು ಜಿನುಗುತ್ತದೆ. ಮುಂಭಾಗ ಕುಸಿದುಬಿದ್ದು ಬಹುಕಾಲ ಮಣ್ಣಿನಡಿ ಮುಚ್ಚಿಹೋಗಿತ್ತು. 1950ರ ದಶಕದಲ್ಲಿ ಪುರಾತತ್ವ ಇಲಾಖೆಯ ಎಂ. ಎನ್. ದೇಶಪಾಂಡೆ ಅವರು ಇಲ್ಲಿ ಕೆಲಸ ಮಾಡಿ 1959ರಲ್ಲಿ ವಿವರವಾದ ವರದಿ ಪ್ರಕಟಿಸಿದರು. ವಿಹಾರದ ತಳಪಾಯದುದ್ದಕ್ಕೂ ಸಾಲಾಗಿ ನಿಂತ ಆನೆಗಳು, ಬಾಗಿಲಲ್ಲಿ ಈಟಿ ಗುರಾಣಿ ಹಿಡಿದ ಇಬ್ಬರು ಕಾವಲುಗಾರರು. ಅವರ ಪಕ್ಕದಲ್ಲಿ ಐದು ಹೆಡೆಯ ನಾಗ. ಒಳಗೆ ಜಿನುಗುವ ನೀರನ್ನು ಬಂಡೆಯೊಳಗೇ ಕಾಲುವೆ ಕೊರೆದು ಈ ಹೆಡೆಗಳ ಮೂಲಕ ಹೊರಬಿಡುವ ಏರ್ಪಾಡು. ಸೋರುವ ಬಂಡೆ ಎಂದು ಗೊತ್ತಾದ ಮೇಲೆ ಸೋರಿಕೆಯನ್ನೇ ಶಿಲ್ಪವಾಗಿಸಿದವರ ಬುದ್ಧಿಗೆ ಎಂಜಿನಿಯರ್ ಆಗಿ ಕೈಮುಗಿದೆ.

ಇನ್ನು ಬರಹಗಳು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಒಂದೊಂದೂ ಒಂದೇ ಸಾಲು. ಚೈತ್ಯದ ಒಂದು ಕಂಬ ಪತಿಠಾಣದ ಮಿತದೇವನ ಕೊಡುಗೆ. ಅವನು ಗಂಧಿಕರ, ಅಂದರೆ ಸುಗಂಧ ವ್ಯಾಪಾರಿಗಳ ಮನೆತನದವನು. ಇನ್ನೊಂದು ಪತಿಠಾಣದ ಸಂಘಕನ ಮಕ್ಕಳದ್ದು. ವಿಹಾರದಲ್ಲಿ ರಾಜವೈದ್ಯ ಮಗಿಲನ ಹೆಸರಿದೆ. ವಾತ್ಸೀಪುತ್ರ ಎಂದು ತಾಯಿಯ ಕಡೆಯಿಂದ ಗುರುತು. ಅವನ ಮಗ ದತಕ, ಮಗಳು ದತಾ ಇಬ್ಬರೂ ಬೇರೆಬೇರೆಯಾಗಿ ದಾನ ಕೊಟ್ಟಿದ್ದಾರೆ, ಇಬ್ಬರ ಹೆಸರೂ ಬೇರೆಬೇರೆಯಾಗಿ ಕೆತ್ತಿದೆ. ಇಲ್ಲಿ ಸಿಕ್ಕ ಕುಳ್ಳ ಹೊಟ್ಟೆಯ ಯಕ್ಷನ ಶಿಲ್ಪ ಈಗ ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಅದರ ಕೈಮೇಲೆ ಇದನ್ನು ಮಾಡಿದವನು ಕನ್ಹದಾಸ ಎಂಬ ಅಕ್ಕಸಾಲಿಗ ಎಂದು ಬರೆದಿದೆ. ಚಿನ್ನದ ಕೆಲಸದವನು ಕಲ್ಲಿಗೆ ಕೈಹಾಕಿ ತನ್ನ ಹೆಸರು ಹಾಕಿಕೊಂಡ.

ಈ ಸಾಲುಗಳಲ್ಲಿ ಏನಿದೆ, ಏನಿಲ್ಲ ಎಂದು ಗಮನಿಸಿ. ಊರು ಇದೆ, ಕಸುಬು ಇದೆ, ಅಪ್ಪ ಅಮ್ಮ ಮಕ್ಕಳು ಇದ್ದಾರೆ. ತಾನು ಯಾವ ಭಾಷೆಯವನು ಎಂದು ಯಾರೂ ಹೇಳಿಕೊಂಡಿಲ್ಲ. ಪೈಠಣದಲ್ಲೇ ಕಟ್ಟಿಸಿದ್ದರೆ ಪೈಠಣದವನು ಎಂದು ಬರೆಸಬೇಕಾಗಿರಲಿಲ್ಲ. ಊರು ಬಿಟ್ಟು ಬಂದವನಿಗೆ ಮಾತ್ರ ಊರಿನ ಹೆಸರು ಬೇಕಾಗುತ್ತದೆ. ಮೆಟ್ಟಿಲ ಬಳಿ ಕುಳಿತಿದ್ದ ಹಿರಿಯ ಕಾವಲುಗಾರರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೂ ಅದೇ.

“ಕುಠೂನ್ ಆಲಾತ್?” ಎಲ್ಲಿಂದ ಬಂದಿರಿ?

“ಪುಣೆಯಿಂದ, ಕಾಕಾ,” ಎಂದೆ ನನ್ನ ಅರೆಬೆಂದ ಮರಾಠಿಯಲ್ಲಿ.

“ಮೂಳ ಗಾವ್?” ಮೂಲ ಊರು ಯಾವುದು?

ಕಲಬುರಗಿ ಎಂದೆ. “ಹಾಂ, ಗುಲ್ಬರ್ಗಾ!” ಎಂದು ತಲೆದೂಗಿ, ಪಕ್ಕದ ಕಲ್ಲಿನ ಮೇಲೆ ಕುಳಿತುಕೊಳ್ಳಲು ಹೇಳಿದರು.

ಇದೇ ಅಭಯಾರಣ್ಯದ ಉತ್ತರ ಬುಡದಲ್ಲಿ, ಜಳಗಾಂವ್ ಜಿಲ್ಲೆಯ ಬದಿಗೆ, ಪಾಟಣಾದೇವಿ ಎಂಬ ಸ್ಥಳವಿದೆ. ಭಾಸ್ಕರಾಚಾರ್ಯನ ವಿಷಯದಲ್ಲಿ ನಾವು ಮತ್ತು ಮರಾಠಿಗರು ಹಗ್ಗ ಜಗ್ಗುವುದು ಇಲ್ಲಿಯೇ. ಶಕ 1036ರಲ್ಲಿ, ಅಂದರೆ 1114ರಲ್ಲಿ ಹುಟ್ಟಿದ ಆತ, ಸಹ್ಯ ಪರ್ವತದ ಆಶ್ರಯದ ವಿಜ್ಜಡವಿಡ ತನ್ನ ಊರು ಎಂದಿದ್ದಾನೆ. ಅದು ವಿಜಯಪುರವೇ ಎಂಬುದು ನಮ್ಮ ಕಡೆಯ ವಾದ. ಪಾಟಣದ ಹತ್ತಿರದ ಊರು ಎಂಬುದು ಅವರ ವಾದ. 1865ರಲ್ಲಿ ಭಾವು ದಾಜಿಯವರು ಬೆಳಕಿಗೆ ತಂದ ಪಾಟಣದ ಶಾಸನ ಜನ್ಮಸ್ಥಳದ ಗೋಜಿಗೇ ಹೋಗುವುದಿಲ್ಲ. ಭಾಸ್ಕರನ ಮೊಮ್ಮಗ ಚಂಗದೇವ, ದೇವಗಿರಿಯ ಸೇವುಣ ಅರಸ ಸಿಂಘಣನ ಜ್ಯೋತಿಷಿ, ತಾತನ ಸಿದ್ಧಾಂತ ಶಿರೋಮಣಿ ಮೊದಲಾದ ಗ್ರಂಥಗಳನ್ನು ಓದಿಸಲು ಇಲ್ಲಿ ಮಠ ಸ್ಥಾಪಿಸಿದ ಎಂದು ಅದು ಹೇಳುತ್ತದೆ. ಅದಕ್ಕೆ ಸ್ಥಳೀಯ ನಾಯಕರು ದಾನ ಬಿಟ್ಟಿದ್ದಾರೆ, ಮಾರಾಟದ ಸರಕಿನ ಮೇಲೆ ಸಣ್ಣ ಸುಂಕಗಳನ್ನು ಗೊತ್ತುಮಾಡಿದ್ದಾರೆ. ವಂಶಾವಳಿ, ಹೊಗಳಿಕೆ ಸಂಸ್ಕೃತದಲ್ಲಿವೆ. ಕೊನೆಗೆ ಯಾರು ಎಷ್ಟು ಕೊಡಬೇಕು ಎಂಬ ಲೆಕ್ಕ ಬಂದಾಗ ಭಾಷೆ ಹಳೆಯ ಮರಾಠಿಗೆ ಹೊರಳುತ್ತದೆ. ಕೊಡಬೇಕಾದವನಿಗೆ ಅರ್ಥವಾಗಬೇಕಲ್ಲ! ಅದೇ ಸಿಂಘಣನ ಕಾಲದ ಶಾಸನಗಳು ನಮ್ಮ ಉತ್ತರ ಕರ್ನಾಟಕದಲ್ಲಿ ಬೇಕಾದಷ್ಟಿವೆ, ಅಲ್ಲಿ ಲೆಕ್ಕವೆಲ್ಲ ಕನ್ನಡದಲ್ಲಿ.

ಅರಸ ಒಬ್ಬನೇ, ಓದುವವರು ಬೇರೆ. ‘ಇದು ಯಾರದ್ದು’ ಎಂಬ ನಮ್ಮ ಪ್ರಶ್ನೆಗೆ ಈ ಶಾಸನಗಳಲ್ಲಿ ಜಾಗವಿಲ್ಲ. ಯಾರು ಎಲ್ಲಿಂದ ಬಂದರು, ಬಂದ ಊರಿಗೆ ಏನು ಕೊಟ್ಟರು ಎಂಬುದಕ್ಕೆ ಜಾಗವಿದೆ. ಹಾಗೆಂದು ನಮ್ಮ ಚರಿತ್ರೆಯನ್ನು ಬಿಟ್ಟುಕೊಡಬೇಕಾಗಿಲ್ಲ. ಮರಾಠವಾಡದ ಹೊಟ್ಟಲ್‌ನಂಥ ಕಡೆ ಕಲ್ಯಾಣ ಚಾಲುಕ್ಯರ ಕನ್ನಡ ಶಾಸನಗಳು ನಿಂತಿವೆ, ಸೊಲ್ಲಾಪುರ ಜಿಲ್ಲೆಯಲ್ಲಂತೂ ಹೇರಳ. ನಮ್ಮ ಅಭಿಮಾನಕ್ಕೆ ಅಷ್ಟು ಆಧಾರ ಸಾಕು. ಬಸ್ ಬೋರ್ಡಿನ ಫೋಟೊದಿಂದ ಅದಕ್ಕೆ ಏನೂ ಸೇರುವುದಿಲ್ಲ.

2021ರ ಮಾರ್ಚ್‌ನಲ್ಲಿ ಗೌತಾಳಾದ ಕ್ಯಾಮೆರಾದಲ್ಲಿ ಒಂದು ಹುಲಿ ಸಿಕ್ಕಿತು. ಎಷ್ಟೋ ದಶಕಗಳಿಂದ ಈ ಕಾಡಿನಲ್ಲಿ ಹುಲಿ ಇರಲಿಲ್ಲ. ಮೈಮೇಲಿನ ಪಟ್ಟೆಗಳನ್ನು ಹಳೆಯ ಫೋಟೊಗಳ ಜತೆ ಹೋಲಿಸಿ ಅದು ಯವತಮಾಳ ಜಿಲ್ಲೆಯ ಟಿಪೇಶ್ವರ ಅಭಯಾರಣ್ಯದ ಗಂಡುಹುಲಿ ಎಂದು ಕಂಡುಕೊಂಡರು. ನೇರ ಅಳತೆಯಲ್ಲೇ 300 ಕಿಲೋಮೀಟರ್‌ಗೂ ಹೆಚ್ಚು. ಹೊಲ, ಹೆದ್ದಾರಿ, ಊರು ದಾಟುತ್ತಾ, ನೆಲೆ ಹುಡುಕುತ್ತಾ ಬಂದಿತ್ತು. ನಮ್ಮ ಕಾವಲುಗಾರ ಕಾಕಾ ಅದನ್ನೂ ‘ಟಿಪೇಶ್ವರದವನು’ ಎಂದೇ ಕರೆಯುತ್ತಿದ್ದರು. ಎರಡು ಸಾವಿರ ವರ್ಷದ ಹಿಂದೆ ಮಿತದೇವನನ್ನು ಈ ಕೊರಕಲಿನ ಜನ ‘ಪೈಠಣದವನು’ ಎಂದು ಕರೆದಿದ್ದ ಹಾಗೆ.

ನೀವು ಹೋಗುವುದಾದರೆ ಪೈಠಣದಲ್ಲಿ ಒಂದು ರಾತ್ರಿ ತಂಗಿ. ಪಿತಳಖೋರಾಕ್ಕೆ ಬೆಳಿಗ್ಗೆಯೇ ಇಳಿಯಿರಿ. ಊಟ, ನೀರು ಜತೆಗಿರಲಿ, ಕೆಳಗೆ ಅಂಗಡಿ ಇಲ್ಲ. ಚೈತ್ಯದೊಳಗೆ ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷ ಕೊಡಿ. ಒಳಗೆ ಬಿದ್ದುಹೋದ ಕಂಬಗಳೇ ಹೆಚ್ಚು. ಗಂಧದ ವ್ಯಾಪಾರಿಯ ಹೆಸರು ಹೊತ್ತ ಕಂಬ ಇನ್ನೂ ನಿಂತಿದೆ.