ರಂಭಾ ಹಾರಿದಳಂತೆ, ಸರಿ... ಬೂಬೂಜಿ ಎಲ್ಲಿ?

ಡಿಸ್ನಿಯವರ ‘ಪೊಕಾಹಾಂಟಸ್’ ಕಾರ್ಟೂನ್ ಸಿನಿಮಾ ಬಂದದ್ದು 1995ರಲ್ಲಿ. ಅಮೆರಿಕದ ಮೂಲನಿವಾಸಿ ಹುಡುಗಿ, ಹಡಗು ಹತ್ತಿ ಬಂದ ಇಂಗ್ಲಿಷಿನವ ಜಾನ್ ಸ್ಮಿತ್, ಇಬ್ಬರ ಪ್ರೇಮ, ನಡುವೆ ಮಾತಾಡುವ ಒಂದು ಮರ. ಮನೆಮಂದಿಯೆಲ್ಲ ಕೂತು ನೋಡಲು ಚೆಂದವೇ. ಆದರೆ ಸ್ಮಿತ್ 1607ರಲ್ಲಿ ವರ್ಜೀನಿಯಾಕ್ಕೆ ಬಂದಾಗ ಅವಳಿಗೆ ಸುಮಾರು 11 ವರ್ಷ! ಅವಳು ಅಡ್ಡ ಬಿದ್ದು ತನ್ನ ಜೀವ ಉಳಿಸಿದಳು ಅಂತ ಸ್ಮಿತ್ ವಿವರವಾಗಿ ಬರೆದದ್ದು 1624ರಲ್ಲಿ, ಅವಳು ತೀರಿಕೊಂಡ 7 ವರ್ಷಕ್ಕೆ. 1613ರಲ್ಲಿ ಇಂಗ್ಲಿಷರು ಅವಳನ್ನು ಸೆರೆ ಹಿಡಿದದ್ದು, 1614ರಲ್ಲಿ ಅವಳು ಜಾನ್ ರಾಲ್ಫ್ ಎಂಬ ಬೇರೊಬ್ಬನನ್ನು ಮದುವೆಯಾದದ್ದು ಆ ಸಿನಿಮಾದಲ್ಲಿ ಇಲ್ಲ.

ಇಂಥದ್ದೇ ಒಂದು ಸಿನಿಮಾ ನಮ್ಮ ವಿಜಯಪುರದಲ್ಲಿ ದಿನಾ ಓಡುತ್ತದೆ, ಪರದೆ ಇಲ್ಲದೆ.

ಗೋಳಗುಮ್ಮಟದಲ್ಲಿ ಮುಹಮ್ಮದ್ ಆದಿಲ್‌ಶಾಹನ (ಆಳ್ವಿಕೆ 1627-1656) ಗೋರಿಯ ಸಾಲಿನಲ್ಲೇ ಅವನ ಬೇಗಂಗಳದ್ದೂ ರಂಭಾ ಎಂಬ ನರ್ತಕಿಯದ್ದೂ ಗೋರಿಗಳಿವೆ. ಸುಲ್ತಾನ ಅವಳನ್ನು ಪರೀಕ್ಷೆ ಮಾಡಲು ‘ನನ್ನ ಮೇಲೆ ಪ್ರೀತಿ ಇದ್ದರೆ ಇಲ್ಲಿಂದ ಹಾರು’ ಅಂದನಂತೆ. ಪಿಸುಮಾತಿನ ಗ್ಯಾಲರಿಯಿಂದ ಅವಳು ಹಾರಿಯೇ ಬಿಟ್ಟಳಂತೆ. ತಿಕೋಟಾ, ಬಬಲೇಶ್ವರದ ಕಡೆಯಿಂದ ಶಾಲೆಯ ಟ್ರಿಪ್ಪಿಗೆ ಬರುವ ಮಕ್ಕಳಿಗೂ ಈ ಕಥೆ ಬಾಯಿಪಾಠ. ಇದು ಬಾಯಿಂದ ಬಾಯಿಗೆ ಬಂದ ಕಥೆ. ನನಗಂತೂ ಅದಕ್ಕಿಂತ ದೊಡ್ಡದು ಆ ಗೋರಿಯೇ. ಹಿಂದೂ ಹೆಸರಿನ ಒಬ್ಬ ನರ್ತಕಿಗೆ ಬಾದಶಹನ ಪಕ್ಕದಲ್ಲಿ, ಬೇಗಂಗಳ ಸಾಲಿನಲ್ಲಿ ಜಾಗ ಸಿಕ್ಕಿದೆ. ಅಷ್ಟು ಸಾಲದೇ, ಅವಳನ್ನು ಮೇಲಿಂದ ಬೀಳಿಸಲೇಬೇಕೇ?

ಇದೇ ಮನೆತನದಲ್ಲಿ ಇನ್ನೊಬ್ಬಳಿದ್ದಳು. ಆದಿಲ್‌ಶಾಹಿ ಕಟ್ಟಿದ ಯೂಸುಫ್, ಮುಕುಂದರಾವ್ ಎಂಬ ಮರಾಠಾ ನಾಯಕನನ್ನು ಸೋಲಿಸಿ ಅವನ ತಂಗಿಯನ್ನು ಮದುವೆಯಾದ. ಅವಳೇ ಬೂಬೂಜಿ ಖಾನಂ. ಹಾಗಾಗಿ ಆ ಮನೆತನದ ಎರಡನೇ ಸುಲ್ತಾನ ಇಸ್ಮಾಯಿಲ್ ತಾಯಿಯ ಕಡೆಯಿಂದ ಮರಾಠ. 1510ರಲ್ಲಿ ಯೂಸುಫ್ ತೀರಿಕೊಂಡಾಗ ಮಗ ಇನ್ನೂ ಹುಡುಗ. ರಾಜ್ಯ ನೋಡಿಕೊಳ್ಳಬೇಕಾದ ಕಮಾಲ್ ಖಾನ್ ತಾನೇ ಗಾದಿ ಏರಲು ಹೊಂಚು ಹಾಕಿದ. ಬೂಬೂಜಿ ಅಳುತ್ತಾ ಕೂರಲಿಲ್ಲ. ನಂಬಿಕಸ್ತನೊಬ್ಬನನ್ನು ಕಳಿಸಿ ಕಮಾಲ್ ಖಾನನನ್ನೇ ಮುಗಿಸಿದಳು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅವನ ತಾಯಿ ಸಾವಿನ ಸುದ್ದಿ ಮುಚ್ಚಿಟ್ಟು, ಮೊಮ್ಮಗ ಸಫ್ದರ್ ಖಾನನನ್ನು ಅರಮನೆಯ ಮೇಲೆ ನುಗ್ಗಿಸಿದಳು. ಬೂಬೂಜಿ, ಪರ್ಶಿಯಾದಿಂದ ಬಂದಿದ್ದ ದಿಲ್‌ಶಾದ್ ಆಗಾ, ಇಬ್ಬರೂ ಬಿಲ್ಲುಬಾಣ ಹಿಡಿದು ಮಾಳಿಗೆ ಏರಿದರು. ಹುಡುಗ ಇಸ್ಮಾಯಿಲ್ ಮೇಲಿಂದ ಉರುಳಿಸಿದ ಕಲ್ಲಿಗೆ ಸಫ್ದರ್ ಖಾನ್ ಸತ್ತ. ಇದನ್ನು ಬರೆದಿಟ್ಟವನು ವಿಜಯಪುರದ ದರ್ಬಾರಿನಲ್ಲೇ ಇದ್ದ ಫೆರಿಷ್ತಾ, ಸುಮಾರು 100 ವರ್ಷದ ನಂತರ. ಅವನೂ ಸ್ವಲ್ಪ ಬಣ್ಣ ಹಚ್ಚಿರಬಹುದು, ಇರಲಿ. ಇಸ್ಮಾಯಿಲ್ 1534ರವರೆಗೆ ಆಳಿದ್ದಂತೂ ನಿಜ.

ಬೂಬೂಜಿ ಮರೆತುಹೋಗಲು ಒಂದು ಸಾದಾ ಕಾರಣ ಇದೆ. ಯೂಸುಫ್, ಇಸ್ಮಾಯಿಲ್ ಇಬ್ಬರ ಗೋರಿಗಳೂ ವಿಜಯಪುರದಲ್ಲಿಲ್ಲ, ಶಹಾಪುರದ ಹತ್ತಿರದ ಗೋಗಿಯಲ್ಲಿವೆ. ಟೂರಿಸ್ಟ್ ಬಸ್ಸು ಅಲ್ಲಿಗೆ ಹೋಗುವುದು ಕಡಿಮೆ. ಇನ್ನೊಂದು ಕಾರಣ ನಮ್ಮೊಳಗೇ ಇದೆ. ಯುದ್ಧದಲ್ಲಿ ಅಣ್ಣ ಸೋತದ್ದಕ್ಕೆ ಆದ ಮದುವೆ ಅದು. ಹಾಡು ಕಟ್ಟುವ ಪ್ರೇಮಕಥೆಯಾಗಲು ಒಗ್ಗುವುದಿಲ್ಲ. ಬರೀ ಅನ್ಯಾಯದ ಕಥೆ ಅನ್ನೋಣವೆಂದರೆ, ಆಕೆ ಆ ಮನೆಯನ್ನೇ ತನ್ನದು ಮಾಡಿಕೊಂಡು ಅದಕ್ಕಾಗಿ ಬಿಲ್ಲು ಹಿಡಿದವಳು. ಎರಡು ಜಾತಿ, ಎರಡು ಭಾಷೆ ಕೂಡಿದ ಕಥೆ ಅಂದಕೂಡಲೇ ಒಬ್ಬರಿಗೆ ಹಾಡು ಬೇಕು, ಇನ್ನೊಬ್ಬರಿಗೆ ಜಗಳ ಬೇಕು. ಬೂಬೂಜಿ ಎರಡಕ್ಕೂ ಸಿಗುವುದಿಲ್ಲ.

ಯಾರಾದರೂ ವಿಜಯಪುರದ ಮೇಲೆ ಮಕ್ಕಳಿಗೊಂದು ಕಾರ್ಟೂನ್ ಸಿನಿಮಾ ಮಾಡುವುದಾದರೆ ದಯವಿಟ್ಟು ಗ್ಯಾಲರಿ ಬಿಟ್ಟು ಮಾಳಿಗೆಯಿಂದ ಶುರು ಮಾಡಲಿ. ಪ್ರೀತಿ ತೋರಿಸಲು ಸಾಯಬೇಕು ಅಂತ ನಮ್ಮ ಹುಡುಗಿಯರಿಗೆ ಎಷ್ಟು ಸಲ ಹೇಳುವುದು?